ಹಿನ್ನೀರಿನ ಮೇಲೆ ಹಾರಿದ ಖಾಸಿಮಸಾಬ

ಸವದತ್ತಿಯಲ್ಲಿ ನನ್ನ ಗಡಿಯಾರ ರಿಪೇರಿ ಅಂಗಡಿಯ ಎದುರಿಗೇ ಖಾಸಿಮಸಾಬ ನದಾಫನ ಗಾದಿ ಅಂಗಡಿ. ಹತ್ತಿ ಹಿಂಜುವುದು, ಗಾದಿ ದಿಂಬು ಹೊಲಿಯುವುದು ಅವನ ಮನೆತನದ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿಯ ಧೂಳಿನಲ್ಲಿ ಕೂತಿರುವ ಈ ಮನುಷ್ಯ ಒಂದು ಕಾಲಕ್ಕೆ ನೀರಿನ ಮೇಲೆ ಮೂರಾಳು ಎತ್ತರ ಹಾರುತ್ತಿದ್ದ ಎಂದರೆ ಹೊಸಬರು ನಗುತ್ತಾರೆ. ನಾನು ಕಣ್ಣಾರೆ ನೋಡಿದವನು. ಅವನು ಹಾರುವುದನ್ನು ಬಿಟ್ಟದ್ದು ಏಕೆಂಬುದೂ ನನಗೆ ಗೊತ್ತು.

ಅವನ ಊರು ರಾಮದುರ್ಗ ತಾಲೂಕಿನ ಸುರೇಬಾನ. ತೊಂಬತ್ಮೂರರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅವನು ಗೋವಾಕ್ಕೆ ಹೋದ. ಫೋಮಿನ ಗಾದಿ ಬಂದಮೇಲೆ ಹತ್ತಿ ಹಿಂಜಿಸುವವರು ಕಡಿಮೆಯಾಗಿದ್ದರು. ಗೋವಾದಲ್ಲಿ ಸಮುದ್ರದಂಡೆಯ ಹೋಟೆಲುಗಳಿಗೆ ತಾಡಪತ್ರಿ, ಛತ್ರಿ, ಆರಾಮಕುರ್ಚಿಯ ಬಟ್ಟೆ ಹೊಲಿಯುವ ಕೆಲಸ ಸಿಕ್ಕಿತು. ದಪ್ಪ ಬಟ್ಟೆಗೆ ದಪ್ಪ ಸೂಜಿ ಹಾಕುವುದರಲ್ಲಿ ಅವನ ಕೈ ಹುಟ್ಟಿನಿಂದಲೇ ಪಳಗಿತ್ತು. ನವೆಂಬರಿನಿಂದ ಮೇವರೆಗೆ ಅಲ್ಲಿ, ಮಳೆಗಾಲದಲ್ಲಿ ಇಲ್ಲಿ. ಅನ್ವರಬಿಯನ್ನು ಮದುವೆಯಾದ ಮೇಲೆ, ಅವಳ ತವರು ಸವದತ್ತಿಯೇ ಆದದ್ದರಿಂದ, ಇಲ್ಲಿ ಮನೆ ಮಾಡಿದ. ಮಳೆಗಾಲದ ಐದು ತಿಂಗಳು ಅಂಗಡಿಯ ಬಾಗಿಲು ತೆರೆಯುತ್ತಿತ್ತು.

ಎರಡು ಸಾವಿರದ ಒಂದರ ಚಳಿಗಾಲದಲ್ಲಿ ಲೂಕ ಎಂಬ ಫ್ರಾನ್ಸಿನವನೊಬ್ಬ ಹರಿದ ಬಟ್ಟೆಯ ದೊಡ್ಡ ಗಂಟನ್ನು ತಂದು ಅವನ ಮಶೀನಿನ ಮುಂದೆ ಹಾಕಿದ. ಬಿಡಿಸಿ ನೋಡಿದರೆ ಪತಂಗ. ಎರಡು ಎತ್ತಿನ ಗಾಡಿಯ ಮೇಲೆ ಹೊದಿಸಬಹುದಾದಷ್ಟು ದೊಡ್ಡದು. ಅಂಚಿನಲ್ಲಿ ಗಾಳಿ ತುಂಬುವ ಕೊಳವೆ, ಕೆಳಗೆ ಉದ್ದನೆಯ ನಾಲ್ಕು ದಾರ. ಆ ದಾರಗಳು ಒಂದು ಹಿಡಿಕೆಗೆ ಸೇರುತ್ತವೆ. ಹಿಡಿಕೆಯನ್ನು ಸೊಂಟಪಟ್ಟಿಯ ಕೊಕ್ಕೆಗೆ ಸಿಕ್ಕಿಸಿ, ಕಾಲಿಗೆ ಹಲಗೆ ಹಾಕಿಕೊಂಡು ನೀರಿಗಿಳಿದರೆ ಪತಂಗ ಮನುಷ್ಯನನ್ನು ಎಳೆದುಕೊಂಡು ಹೋಗುತ್ತದೆ. ಕೈಟ್‌ಬೋರ್ಡಿಂಗ್ ಎನ್ನುತ್ತಾರೆ.

ಖಾಸಿಮಸಾಬ ಮೂರು ದಿನ ಕೂತು ಹೊಲಿದ. ಲೂಕ ಆ ಹೊಲಿಗೆಯನ್ನು ಜಗ್ಗಿ ನೋಡಿ, ತಿರುಗಿಸಿ ನೋಡಿ, ಕೂಲಿ ಬೇಕೋ ಕಲಿಯುವುದು ಬೇಕೋ ಎಂದು ಕೈಸನ್ನೆಯಲ್ಲಿ ಕೇಳಿದನಂತೆ.

"ನೀ ಏನಂದಿ?" ಎಂದು ನಾನು ಒಮ್ಮೆ ಕೇಳಿದ್ದೆ.

"ಏನನ್ನೂದ್ರಿ ರಾಯರ, ಆವತ್ತಿಗೆ ಎಂಟ ವರ್ಷ ಸಮುದ್ರದ ದಂಡಿಗೆ ಕುಂತಿದ್ದೆ. ಮೊಣಕಾಲ ಮಟ ಸೈತ ಇಳದಿದ್ದಿಲ್ಲ. ಕಲಸು ಅಂದೆ."

ಕಲಿಯಲು ಒಂದು ವರ್ಷ ಹಿಡಿಯಿತು. ಮುಂಗೈ ಮುರಿದುಕೊಂಡ. ಉಪ್ಪುನೀರು ಕುಡಿದು ವಾಂತಿ ಮಾಡಿಕೊಂಡ. ಆದರೆ ಗಾಳಿ ಬಟ್ಟೆಯನ್ನು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಹೊಲಿಯುವವನಾದ ಅವನಿಗೆ ಬೇಗ ತಿಳಿಯಿತು. ಎರಡು ಸಾವಿರದ ಮೂರರ ಮೇ ಕೊನೆಗೆ ಊರಿಗೆ ಬರುವಾಗ ಲೂಕ ತನ್ನ ಹಳೆಯ ಪತಂಗ ಮತ್ತು ಹಲಗೆಯನ್ನು ಅವನಿಗೇ ಕೊಟ್ಟುಬಿಟ್ಟ. ಬಸ್ಸಿನ ಟಾಪಿನ ಮೇಲೆ ಕಟ್ಟಿಕೊಂಡು ತಂದ.

ಮಳೆಗಾಲದಲ್ಲಿ ಸಮುದ್ರಕ್ಕೆ ಯಾರೂ ಇಳಿಯುವುದಿಲ್ಲ. ಆದರೆ ನಮ್ಮಲ್ಲಿ ಗಾಳಿಯ ಕಾಲ ಅದೇ. ಜೂನ್ ಬಂತೆಂದರೆ ಪಡುವಣ ಗಾಳಿ ಬಯಲಿನ ಮೇಲೆ ಹಗಲಿಡೀ ಬೀಸುತ್ತದೆ. ಆಗಸ್ಟಿನ ಹೊತ್ತಿಗೆ ಮಲಪ್ರಭೆಯ ಹಿನ್ನೀರು ಕಣ್ಣು ಮುಟ್ಟುವವರೆಗೆ ತುಂಬಿರುತ್ತದೆ. ಖಾಸಿಮಸಾಬ ಒಂದು ದಿನ ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಆ ದಂಡೆಗೆ ಹೋದ. ಅಲ್ಲಿ ಅವನಿಗೆ ಬಸಲಿಂಗಪ್ಪ ಸಿಕ್ಕ.

ಬಸಲಿಂಗಪ್ಪ ದೋಣಿಯವನು. ಆಚೆ ದಂಡೆಯ ಹೊಲಗಳಿಗೆ ಹೋಗುವ ಆಳುಗಳನ್ನು ಮುಂಜಾನೆ ದಾಟಿಸಿ ಸಂಜೆ ಕರೆತರುತ್ತಿದ್ದ. ದಂಡೆಯ ಮೇಲೆಯೇ ಅವನ ಮನೆ, ಮನೆಯ ಪಕ್ಕ ಒಂದು ತಗಡಿನ ಶೆಡ್ಡು. ಹೆಂಡತಿ ಮಾಯವ್ವ. ಇಬ್ಬರಿಗೂ ನಲವತ್ತು ದಾಟಿತ್ತು, ಮಕ್ಕಳಿರಲಿಲ್ಲ.

ಈ ಪತಂಗವನ್ನು ಒಬ್ಬನೇ ಏರಿಸಲಾಗುವುದಿಲ್ಲ. ದೂರದಲ್ಲಿ ಇನ್ನೊಬ್ಬರು ಅದನ್ನು ಗಾಳಿಗೆ ಓರೆಯಾಗಿ ಎತ್ತಿ ಹಿಡಿದು, ದಾರ ಬಿಗಿಯಾದ ಕ್ಷಣಕ್ಕೆ ಕೈ ಬಿಡಬೇಕು. ಮೊದಲ ದಿನ ಬಸಲಿಂಗಪ್ಪ ಹಿಡಿದ. ಹೆದರಿ ಬೇಗನೆ ಬಿಟ್ಟ. ಪತಂಗ ಜಾಲಿಗಿಡಕ್ಕೆ ಬಡಿದು ಹರಿಯಿತು. ಮನೆಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾಯವ್ವ ಮರುದಿನ ತಾನೇ ಮುಂದೆ ಬಂದಳು.

"ಸರಿಯಿರಿ ಅತ್ಲಾಗ. ನಾ ಹಿಡೀತೇನಿ. ತಮ್ಮಾ, ಯಾವಾಗ ಬಿಡ್ಲಿ ಹೇಳು."

"ನಾ ತಲಿ ಅಲ್ಲಾಡಸ್ತೇನಿ ಅಕ್ಕಾ, ಆವಾಗ ಬಿಡ್ರಿ. ದೂಡಬ್ಯಾಡ್ರಿ, ಬರೇ ಬಿಡ್ರಿ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆ ದೊಡ್ಡ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವನ ತಲೆಯನ್ನೇ ನೋಡುತ್ತ ನಿಂತಳು. ಸರಿಯಾದ ಕ್ಷಣಕ್ಕೆ ಬಿಟ್ಟಳು. ಖಾಸಿಮಸಾಬ ನೀರಿನ ಮೇಲೆ ಎದ್ದು ಹೋದ. ಅಂದಿನಿಂದ ನಾಲ್ಕು ಮಳೆಗಾಲ ಆ ಪತಂಗವನ್ನು ಅವಳ ಹೊರತು ಬೇರೆಯವರು ಎತ್ತಿ ಹಿಡಿದದ್ದು ಕಡಿಮೆ. ಗೋವಾದಲ್ಲಿ ಪಳಗಿದವರು ಹಿಡಿದರೂ ತನಗೆ ಅಷ್ಟು ನಂಬಿಕೆ ಬರುತ್ತಿರಲಿಲ್ಲ ಎಂದು ಅವನೇ ಹೇಳುತ್ತಿದ್ದ.

ಹಲಗೆ, ಪತಂಗ ಎಲ್ಲ ಬಸಲಿಂಗಪ್ಪನ ಶೆಡ್ಡಿನಲ್ಲಿಯೇ ಇರತೊಡಗಿದವು. ಮುಂಜಾನೆ ಗಾದಿ ಹೊಲಿದು ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದ. ಶುಕ್ರವಾರ ಮಾತ್ರ ನಮಾಜು ಮುಗಿಸಿ ತಡವಾಗಿ ಹೋಗುತ್ತಿದ್ದ. ನಾನೂ ಎಷ್ಟೋ ಸಲ ಅಂಗಡಿ ಮುಚ್ಚಿ ನೋಡಲು ಹೋದದ್ದುಂಟು. ಅವನು ಪತಂಗವನ್ನು ತಲೆಯ ಮೇಲಿಂದ ಹಿಂದಕ್ಕೆ ಎಳೆದ ತಕ್ಷಣ ಹಲಗೆ ನೀರು ಬಿಡುತ್ತಿತ್ತು. ಮೇಲೆ ಹೋಗಿ, ಅಲ್ಲಿಯೇ ಒಂದು ಗಳಿಗೆ ನಿಂತಂತಾಗಿ, ಮೆಲ್ಲಗೆ ಇಳಿಯುತ್ತಿದ್ದ. ದೋಣಿಯಲ್ಲಿ ಬರುವ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಅನ್ವರಬಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಒಂದೇ ಸಲ ಬಂದು ನೋಡಿದಳು.

"ನೀವು ಕೆಳಗ ಬರೂ ಮಟ ನನ್ನ ಉಸರ ನಿಂತಿರತೈತಿ. ಇನ್ನ ನಾ ಬರಂಗಿಲ್ಲ," ಎಂದು ಹೇಳಿ ಹೋದಳು. ಆದರೆ ಬೇಡ ಎನ್ನಲಿಲ್ಲ.

ಗೋವಾದಲ್ಲಿ ಆ ಆಟದವರೆಲ್ಲ ಸೇರಿ ಪ್ರತಿ ಫೆಬ್ರವರಿಯಲ್ಲಿ ಒಂದು ಸ್ಪರ್ಧೆ ನಡೆಸುತ್ತಿದ್ದರು. ಸಣ್ಣದೇ, ಮೂವತ್ತು ಮಂದಿ ಸೇರಿದರೆ ಹೆಚ್ಚು. ಒಂದು ಓಟ, ಒಂದು ಜಿಗಿತ. ಎರಡು ಸಾವಿರದ ನಾಲ್ಕರಲ್ಲಿ ಖಾಸಿಮಸಾಬ ಜಿಗಿತಕ್ಕೆ ನಿಂತು ಕೊನೆಯವನಾದ. ಮರುವರ್ಷ ಸ್ಪರ್ಧೆಯ ಹಿಂದಿನ ಸಂಜೆ ಒಬ್ಬ ಜರ್ಮನಿಯವನ ಪತಂಗ ಬಂಡೆಗೆ ತಾಗಿ ಉದ್ದಕ್ಕೂ ಸೀಳಿತು. ಅಲ್ಲಿ ಅದನ್ನು ಹೊಲಿಯಬಲ್ಲವನು ಇವನೊಬ್ಬನೇ. ಕೂತು ಹೊಲಿದುಕೊಟ್ಟ. ಬೆಳಗ್ಗೆ ಅದೇ ಜರ್ಮನಿಯವನು ಮೊದಲ ಬಹುಮಾನ ಹೊಡೆದ. ಇವನು ನಾಲ್ಕನೆಯವನು.

"ಒಂದ ದಿನ ತಡಾ ಮಾಡಿ ಹೊಲೀಬೇಕಿತ್ತಲ್ಲಪಾ?" ಎಂದು ನಾನು ಚೇಷ್ಟೆ ಮಾಡಿದೆ.

"ಹರದದ್ದ ಮುಂದ ಇಟ್ಟರ ಕೈ ಸುಮ್ಮನ ಕುಂದ್ರತಾವೇನ್ರಿ?" ಎಂದು ನಕ್ಕ.

ಎರಡು ಸಾವಿರದ ಆರರ ಫೆಬ್ರವರಿಯಲ್ಲಿ ಅವನು ಜಿಗಿತದಲ್ಲಿ ಎರಡನೆಯವನಾದ. ಸುರೇಬಾನದ ನದಾಫರ ಹುಡುಗ ದೇಶದೇಶದವರ ನಡುವೆ ಎರಡನೆಯವನು! ನಮ್ಮಲ್ಲಿ ಯಾವ ಪೇಪರಿನಲ್ಲೂ ಬರಲಿಲ್ಲ. ಅವನು ಊರಿಗೆ ಬಂದಾಗ ಮಾಯವ್ವ ಹೋಳಿಗೆ ಮಾಡಿ ಅವನನ್ನೂ ಅನ್ವರಬಿಯನ್ನೂ ನನ್ನನ್ನೂ ಉಣ್ಣಲು ಕರೆದಳು. ಅವನು ಅವಳಿಗೆಂದು ಒಂದು ಶಂಖ ತಂದಿದ್ದ. ಅವಳು ಅದನ್ನು ದೇವರ ಜಗಲಿಯ ಮೇಲೆ ಇಡದೆ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲಿಗೆ ಒತ್ತಾಗಿ ಇಟ್ಟಳು. ಎಲ್ಲರೂ ನಕ್ಕೆವು.

"ಮುಂದಿನ ವರ್ಷ ಮದಲನೇದ ಬರಬೇಕ ನೋಡ ತಮ್ಮಾ," ಎಂದಳು. "ಇನ್ನೂ ಒಂದಾಳ ಎತ್ತರ ಹೋದ್ರ ಆತು. ನಾ ದಿನಾ ನೋಡತೇನಿ, ನನಗ ಗೊತ್ತಾಗತೈತಿ."

ಆ ಮಳೆಗಾಲ ಅವನು ದಿನವೂ ಹೋದ. ಮಾಯವ್ವ ದಿನವೂ ಪತಂಗ ಎತ್ತಿ ಹಿಡಿದಳು. ಸಂಜೆ ಅವನು ದಂಡೆಗೆ ಬಂದಾಗ, ಇವತ್ತು ಎರಡನೆಯದು ಚಲೋ ಇತ್ತು, ಐದನೆಯದರಲ್ಲಿ ಕಾಲು ಬಾಗಿದ್ದವು ಎಂದು ಒಂದೊಂದಾಗಿ ಹೇಳುತ್ತಿದ್ದಳು.

ಆಗಸ್ಟಿನ ಒಂದು ಮಂಗಳವಾರ. ಮಧ್ಯಾಹ್ನ ಪತಂಗ ಏರಿಸಿಕೊಟ್ಟು ಅವಳು ಗಂಡನ ದೋಣಿಯಲ್ಲಿ ಆಚೆ ದಂಡೆಗೆ ಹೋದಳು. ಅಲ್ಲಿ ಅವಳ ತಂಗಿಯ ಹೊಲವಿತ್ತು. ಹೆಸರುಕಾಯಿ ಬಿಡಿಸಿ ಕೊಡುವುದಿತ್ತು. ಸಂಜೆ ಐದರ ಸುಮಾರಿಗೆ ದೋಣಿ ವಾಪಸು ಹೊರಟಿತು. ಬಸಲಿಂಗಪ್ಪ, ಮಾಯವ್ವ, ಕಳೆ ತೆಗೆಯಲು ಹೋಗಿದ್ದ ಮೂವರು ಹೆಂಗಸರು, ಸತ್ಯಪ್ಪ ಎಂಬ ಒಬ್ಬ ಮುದುಕ, ಅವನ ಎರಡು ಚೀಲ. ಗಾಳಿ ಜೋರಾಗಿತ್ತು. ಖಾಸಿಮಸಾಬ ಇನ್ನೂ ನೀರಿನ ಮೇಲೆಯೇ ಇದ್ದ.

ದೋಣಿ ನಡುನೀರಿಗೆ ಬಂದಾಗ ಮಾಯವ್ವ ಕೈಬೀಸಿ ಕೂಗಿದಳು. "ತಮ್ಮಾ, ಇವರಿಗೆ ಒಂದ ದೊಡ್ಡದ ತೋರಸು!"

ಅವನಿಗೆ ಮಾತು ಪೂರ್ತಿ ಕೇಳಿಸಲಿಲ್ಲ, ಆದರೆ ಕೈ ಕಾಣಿಸಿತು. ಅವನು ತಿರುಗಿ ದೋಣಿಯ ಹತ್ತಿರಕ್ಕೇ ಬಂದ. ಐವತ್ತು ಮಾರಿನ ಆಚೆ ಪತಂಗವನ್ನು ಹಿಂದಕ್ಕೆ ಎಳೆದು ಹಾರಿದ. ಜೀವಮಾನದಲ್ಲಿ ತಾನು ಅಷ್ಟು ಎತ್ತರ ಹೋದದ್ದು ಅದೇ ಎಂದು ಆಮೇಲೆ ಅವನು ನನಗೆ ಹೇಳಿದ. ಮೇಲಿನಿಂದ ದೋಣಿ ಕಾಣಿಸಿತಂತೆ. ಎಲ್ಲರೂ ಎದ್ದು ನಿಂತಿದ್ದರು. ಎಲ್ಲರೂ ಒಂದೇ ಬದಿಗೆ ಬಂದು ಮೇಲೆ ನೋಡುತ್ತಿದ್ದರು. ಅವನು ಕೆಳಗಿಳಿಯುವುದರೊಳಗೆ ದೋಣಿ ಮಗುಚಿತು.

ಅವನು ನೇರವಾಗಿ ಅಲ್ಲಿಗೆ ನುಗ್ಗಿದ. ಇಬ್ಬರು ಹೆಂಗಸರು ದೋಣಿಯಿಂದ ದೂರ ಸರಿದು ಮುಳುಗಿ ಏಳುತ್ತಿದ್ದರು. ಅವರು ತನ್ನ ಸೊಂಟಪಟ್ಟಿ ಹಿಡಿಯುವಂತೆ ಮಾಡಿದ. ಇಬ್ಬರ ಭಾರಕ್ಕೆ ಹಲಗೆ ಕಾಲಿನಿಂದ ಕಳಚಿ ತೇಲಿ ಹೋಯಿತು. ಪತಂಗ ಮೂವರನ್ನೂ ಗಾಳಿಯ ದಿಕ್ಕಿನಲ್ಲಿ ದಂಡೆಗೆ ಎಳೆಯಿತು. ಅದು ಹೋಗುವಾಗ ಬಲು ವೇಗ. ಆದರೆ ಗಾಳಿಗೆದುರಾಗಿ ತಿರುಗಿ ಬರುವುದು ಹಾಗಲ್ಲ. ಹಲಗೆ ಇದ್ದರೆ ಓರೆಯೋರೆಯಾಗಿ ಏರಿ ಬರಬಹುದು. ಹಲಗೆಯಿಲ್ಲದೆ ಪತಂಗ ಕೇಳುವುದೇ ಇಲ್ಲ. ಅವನು ಹೆಂಗಸರನ್ನು ಮೊಣಕಾಲು ನೀರಿನಲ್ಲಿ ನಿಲ್ಲಿಸಿ ಪ್ರಯತ್ನಪಟ್ಟ. ಎರಡು ಸಲ ಪತಂಗ ಅವನನ್ನು ಮತ್ತೆ ದಂಡೆಗೇ ತಂದು ಹಾಕಿತು. ಕೊನೆಗೆ ಕೊಕ್ಕೆ ಬಿಚ್ಚಿ ಅದನ್ನು ಬಿಟ್ಟು ಈಜಿದ.

ಅವನು ತಲುಪಿದಾಗ ಮೂರನೆಯ ಹೆಂಗಸು ಮತ್ತು ಸತ್ಯಪ್ಪ ಮಗುಚಿದ ದೋಣಿಯನ್ನು ಅವುಚಿಕೊಂಡಿದ್ದರು. ಬಸಲಿಂಗಪ್ಪ ಮುಳುಗುತ್ತಿದ್ದ, ಏಳುತ್ತಿದ್ದ, ಮತ್ತೆ ಮುಳುಗುತ್ತಿದ್ದ.

"ಮಾಯಕ್ಕ ಎಲ್ಲಿ?"

 ಬಸಲಿಂಗಪ್ಪ ಕೈಯಿಂದ ಕೆಳಗೆ ತೋರಿಸಿದ. ಕತ್ತಲಾಗುವವರೆಗೆ ಇಬ್ಬರೂ ಮುಳುಗಿ ಹುಡುಕಿದರು.

ಮೂರನೆಯ ದಿನ ಮುಂಜಾನೆ ಮಾಯವ್ವ ಸಿಕ್ಕಳು. ನೀರಿನಡಿ ನಿಂತುಹೋಗಿದ್ದ ಹಳೆಯ ಜಾಲಿಗಿಡಗಳಲ್ಲಿ ಅವಳ ಸೀರೆ ಸಿಕ್ಕಿತ್ತು. ಸೀರೆಯನ್ನು ಮುಳ್ಳಿನಿಂದ ಬಿಡಿಸಿದವನು ಖಾಸಿಮಸಾಬನೇ. ಹರಿಯದಂತೆ, ಒಂದೊಂದು ಎಳೆಯಾಗಿ ಬಿಡಿಸಿದ. ದಂಡೆಯಲ್ಲಿ ನಿಂತಿದ್ದ ನಾವು ಯಾರೂ ಬೇಗ ಮಾಡು ಎನ್ನಲಿಲ್ಲ.

ಪೊಲೀಸರು ಬಂದು ಪಂಚನಾಮೆ ಮಾಡಿದರು. ದೋಣಿ ಹೇಗೆ ಮಗುಚಿತು ಎಂದು ಕೇಳಿದಾಗ ಬಸಲಿಂಗಪ್ಪ, "ದೋಣಿ ಹಳೇದಿತ್ರಿ, ಗಾಳಿ ಜೋರಿತ್ತು," ಎಂದಷ್ಟೇ ಬರೆಸಿದ. ಬದುಕಿದ ಹೆಂಗಸರೂ ಅದನ್ನೇ ಹೇಳಿದರು. ತಮ್ಮನ್ನು ಎಳೆದು ತಂದವನ ಮೇಲೆ ಅವರು ಹೇಗೆ ಹೇಳಿಯಾರು? ಆದರೆ ಊರಲ್ಲಿ ಮಾತು ಹಬ್ಬಿತು. ಖಾಸಿಮಸಾಬನ ಪತಂಗದಿಂದ ಒಂದು ಜೀವ ಹೋಯಿತು ಎಂದು ಕೆಲವರು. ಅವನಿಲ್ಲದಿದ್ದರೆ ಮೂರು ಹೋಗುತ್ತಿದ್ದವು ಎಂದು ಕೆಲವರು. ಎರಡೂ ಮಾತು ಅವನ ಕಿವಿಗೆ ಬಿದ್ದವು. 

ಅನ್ವರಬಿ ನನ್ನ ಅಂಗಡಿಗೆ ಬಂದಳು. "ಉಣವಲ್ಲರು, ಮಾತಾಡವಲ್ಲರು. ನಿದ್ದಿಯೊಳಗ ಕೈ ಎಳಕೋತಾರ, ಏನೋ ಹಿಡದಾರ ಅನ್ನೂವಂಗ. ನೀವಾರ ಒಂದ ಮಾತ ಹೇಳ್ರಿ ರಾಯರ."

 ಅವನ ಅಂಗಡಿಗೆ ಹೋಗಿ ಕೂತು, ಸಂಜೆಯವರೆಗೆ ಸುಮ್ಮನೆ ಕೂತು, ಎದ್ದು ಬಂದೆ.

ನವೆಂಬರಿನಲ್ಲಿ ಅವನು ಎಂದಿನಂತೆ ಗೋವಾಕ್ಕೆ ಹೋದ. ಹೋಗಲು ಮನಸ್ಸಿರಲಿಲ್ಲ, ಹೊಟ್ಟೆಪಾಡು. ಫೆಬ್ರವರಿಯ ಸ್ಪರ್ಧೆಗೆ ಲೂಕ ಅವನ ಹೆಸರು ಬರೆಸಿಬಿಟ್ಟಿದ್ದ. ಖಾಸಿಮಸಾಬ ಒಲ್ಲೆ ಎಂದ. ಅದು ತಿಳಿದು ಬಸಲಿಂಗಪ್ಪ ಇಲ್ಲಿಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ. ಆ ಮನುಷ್ಯ ಅದಕ್ಕೆ ಮುಂಚೆ ಒಮ್ಮೆಯೂ ಫೋನು ಮುಟ್ಟಿದವನಲ್ಲ. ನಂಬರು ಹಚ್ಚಿಕೊಟ್ಟವನು ನಾನೇ.

"ಖಾಸೀಮಾ, ಆಕಿ ಮದಲನೇದ ಬಾ ಅಂದಿದ್ಲು. ಹೋಗಿ ನಿಂದರು. ಬರತೈತೋ ಇಲ್ಲೋ ಬಿಡು. ನಿಂದರು."

ಅವನು ನಿಂತ. ಅಂದು ನಡೆದದ್ದನ್ನು ಅವನು ನನಗೆ ಒಂದೇ ಸಲ ಹೇಳಿದ್ದಾನೆ. ಗಾಳಿ ಚೆನ್ನಾಗಿತ್ತು. ಲೂಕ ತನ್ನ ಹಲಗೆಯನ್ನೂ ಪತಂಗವನ್ನೂ ಕೊಟ್ಟು, ಪತಂಗವನ್ನು ತಾನೇ ಹಿಡಿದು ಬಿಟ್ಟ. ಸಲೀಸಾಗಿ ಏರಿತು. ನೀರಿಗಿಳಿದು ಅಲೆಗಳನ್ನು ದಾಟಿ ತನ್ನ ಸರದಿಗೆ ತಿರುಗಿದ. ದಂಡೆಯ ಮೇಲೆ ನೂರಾರು ಜನ ಉಸುಕಿನಲ್ಲಿ ಕೂತಿದ್ದರು. ಮೈಕಿನಲ್ಲಿ ಅವನ ಹೆಸರು ಕರೆದರು. ಹೋದ ವರ್ಷ ಎರಡನೆಯವನಾದವನು ಎಂದೂ ಹೇಳಿರಬೇಕು. ಕೂತವರೆಲ್ಲ ಒಟ್ಟಿಗೇ ಎದ್ದು ನಿಂತರು, ಅವನನ್ನು ನೋಡಲು.

"ಅವರು ಎದ್ದ ನಿಂತ್ರು ರಾಯರ. ಅಷ್ಟ. ನನ್ನ ಕೈ ತಾನ ಹೋಗಿ ಕೊಕ್ಕಿ ಬಿಚ್ಚಿತು."

ಪತಂಗ ನೀರಿಗೆ ಬಿತ್ತು. ಅವನು ಈಜಿ ದಂಡೆಗೆ ಬಂದು, ಒದ್ದೆ ಬಟ್ಟೆಯಲ್ಲಿಯೇ ತನ್ನ ಹೊಲಿಗೆ ಮಶೀನಿನ ಕೋಣೆಗೆ ಹೋಗಿ ಕದ ಮುಚ್ಚಿಕೊಂಡ. ಮರುದಿನ ಹಲಗೆ, ಪತಂಗ ಎಲ್ಲ ಲೂಕನಿಗೆ ವಾಪಸು ಕೊಟ್ಟ. ಲೂಕ ಬಹಳ ಹೇಳಿದ. ಇಬ್ಬರಿಗೂ ಪೂರ್ತಿ ಬರುವ ಭಾಷೆ ಒಂದೂ ಇರಲಿಲ್ಲ. ಕೊನೆಗೆ ಲೂಕ ಅವನನ್ನು ಅಪ್ಪಿಕೊಂಡು ಅತ್ತನಂತೆ. ಇವನಿಗೆ ಅಳು ಬರಲಿಲ್ಲವಂತೆ.

ಮೇ ತಿಂಗಳಲ್ಲಿ ಬಂದವನು ಮತ್ತೆ ಗೋವಾಕ್ಕೆ ಹೋಗಲಿಲ್ಲ. ಊರಿಗೆ ಬಂದ ಮೊದಲ ವಾರವೇ ಬಸಲಿಂಗಪ್ಪನಲ್ಲಿಗೆ ಹೊರಟ. ಒಬ್ಬನೇ ಹೋಗಲು ಧೈರ್ಯವಿಲ್ಲ ಎಂದು ನನ್ನನ್ನೂ ಕರೆದ. ಬಸಲಿಂಗಪ್ಪ ಮನೆಯ ಮುಂದೆ ದೋಣಿ ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ. ಚಹಾ ಮಾಡಿ ತಂದ. ಮೂವರೂ ಕುಡಿದೆವು. ಲೋಟ ಕೆಳಗಿಟ್ಟು ಖಾಸಿಮಸಾಬ ಹೇಳಿದ.

"ಬಸಣ್ಣಾ, ನಾ ಆವತ್ತ ಬೇಕಂತನ ಹತ್ತರ ಬಂದಿದ್ದೆ. ಆಕಿ ಕೈ ಮಾಡಿದ್ಲು, ನನಗ ಹುರುಪ ಬಂತು. ದೂರನ ಇರಬಹುದಿತ್ತು. ನೀವೆಲ್ಲಾ ನೋಡ್ಲಿ ಅಂತನ ಹಾರಿದೆ. ಇದನ್ನ ಪೊಲೀಸರ ಮುಂದ ಹೇಳಬೇಕಿತ್ತು, ಹೇಳ್ಲಿಲ್ಲ."

ಬಸಲಿಂಗಪ್ಪ ಡಾಂಬರು ಹತ್ತಿದ ತನ್ನ ಬೆರಳುಗಳನ್ನೇ ನೋಡುತ್ತಿದ್ದ. 

"ಇಪ್ಪತ್ತೆರಡ ವರ್ಷ ದೋಣಿ ಹಾಕೇನಿ. ಯಾರಾರ ಎದ್ರ ಬೈದ ಕುಂದರಸ್ತಿದ್ದೆ. ಆವತ್ತ ಯಾಕ ಬೈಲಿಲ್ಲ ಗೊತ್ತೇನು? ಹುಟ್ಟ ಕೈಯಾಗಿಂದ ಬಿಟ್ಟ ನಾನೂ ಎದ್ದ ನಿಂತಿದ್ದೆ. ಎಲ್ಲಾರಕಿಂತ ಮದಲ ನಾನ ಎದ್ದೆ. ಅಷ್ಟ ಚಂದ ಹಾರಿದ್ದೆಪಾ ನೀ."

ಅಷ್ಟು ಹೇಳಿ ಅವನು ಅತ್ತ. ಖಾಸಿಮಸಾಬನೂ ಅತ್ತ. ಒಂಬತ್ತು ತಿಂಗಳಿಂದ ಇಬ್ಬರೂ ಅದೊಂದು ಮಾತನ್ನು ಬೇರೆ ಬೇರೆಯಾಗಿ ಹೊತ್ತುಕೊಂಡಿದ್ದರು. ಹೇಳಿಕೊಂಡದ್ದರಿಂದ ಭಾರ ಇಳಿಯಿತೆಂದು ನಾನು ಹೇಳಲಾರೆ. ನನಗೆ ಹಾಗೆ ಕಾಣಲಿಲ್ಲ.

ಆ ಮಳೆಗಾಲದಲ್ಲಿ ಖಾಸಿಮಸಾಬ ಗಾದಿಯ ದಪ್ಪ ಬಟ್ಟೆಯಲ್ಲಿ ಥರ್ಮಾಕೋಲು ತುಂಬಿ ಎಂಟು ಅಂಗಿ ಹೊಲಿದ. ಹಾಕಿಕೊಂಡರೆ ನೀರಿನಲ್ಲಿ ಮುಳುಗುವುದಿಲ್ಲ. ಬಸಲಿಂಗಪ್ಪನ ದೋಣಿಗೆ ಕೊಟ್ಟ. ಆಳುಗಳು ಎರಡು ದಿನ ಹಾಕಿಕೊಂಡರು. ಆಮೇಲೆ ಸೆಕೆಯಾಗುತ್ತದೆಂದು ತೆಗೆದು, ದೋಣಿಯ ಹಲಗೆ ಒತ್ತುತ್ತದೆಂದು ಅವುಗಳ ಮೇಲೆಯೇ ಕೂರತೊಡಗಿದರು. ಬಸಲಿಂಗಪ್ಪ ಬೈಯುತ್ತಾನೆ. ಅವರು ಹಾಕಿಕೊಂಡಂತೆ ಮಾಡುತ್ತಾರೆ.

ಹೋದ ಆಗಸ್ಟಿನಲ್ಲಿ ಹರಿದ ಎರಡು ಅಂಗಿಗಳನ್ನು ಸರಿಮಾಡಿ ಕೊಡಲು ಅವನು ದಂಡೆಗೆ ಹೋದಾಗ ನಾನೂ ಜೊತೆಗಿದ್ದೆ. ಗಾಳಿ ಜೋರಾಗಿ ಬೀಸುತ್ತಿತ್ತು. ನೀರು ತುಂಬಿತ್ತು. ಆಚೆ ದಂಡೆಯಿಂದ ದೋಣಿ ಹೊರಟದ್ದು ಕಾಣಿಸಿತು. ಖಾಸಿಮಸಾಬ ಅಂಗಿಗಳನ್ನು ನನ್ನ ಕೈಗೆ ಕೊಟ್ಟು ಶೆಡ್ಡಿನ ಹಿಂದಕ್ಕೆ ನಡೆದ. ಉಚ್ಚೆಗೆ ಹೋಗಿರಬೇಕೆಂದುಕೊಂಡೆ. ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ತಗಡಿಗೆ ಬೆನ್ನು ಹಚ್ಚಿ ನೆಲ ನೋಡುತ್ತ ಕೂತಿದ್ದ.

"ಯಾಕಪಾ, ಇಲ್ಯಾಕ ಕುಂತಿ?"

"ದೋಣಿ ದಂಡಿಗಿ ಹತ್ತಲಿ ತಡೀರಿ," ಎಂದ. "ಅದರಾಗ ನನ್ನ ಗುರತಿನವರು ಇರ್ತಾರ. ನನ್ನ ನೋಡಿ ಯಾರಾರ ಎದ್ದಗಿದ್ದಾರು."

ದೋಣಿ ದಂಡೆಗೆ ತಾಗಿ, ಕೊನೆಯ ಹೆಂಗಸು ಬುಟ್ಟಿ ಹೊತ್ತು ಇಳಿದು ಹೋಗುವವರೆಗೆ ನಾವಿಬ್ಬರೂ ಅಲ್ಲಿಯೇ ಕೂತಿದ್ದೆವು.